ವರ್ಷಾಂತ್ಯ: ಶಾಲೆಯಾಚೆಯ ವಿಜ್ಞಾನ ಕೂಟದ ಲೆಕ್ಕ ನೋಡೋದು ಹೇಗೆ, ಮುಂದಿನ ವರ್ಷಕ್ಕೆ ಯಾವುದನ್ನು ಹಿಡಿಯೋದು?

ಪ್ರಶ್ನೆ: ಅಳತೆಪಟ್ಟಿ

ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆ ಒಂದೂವರೆ ಗಂಟೆ ನಡೆಯುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೂಟ. 9ರಿಂದ 13 ವರ್ಷದ ಸುಮಾರು 20 ಮಕ್ಕಳು, ನಡೆಸಲು ಮೂವರು ಸ್ವಯಂಸೇವಕರು. ಪರೀಕ್ಷೆಯಿಲ್ಲ, ಅಂಕವಿಲ್ಲ, ಬರಲೇಬೇಕೆಂಬ ಕಟ್ಟೂ ಇಲ್ಲ. ವರ್ಷದ ಕೊನೆಗೆ ಕೈಯಲ್ಲಿ ಉಳಿದಿರೋದು ಹಾಜರಿ ಪುಸ್ತಕ, ಒಂದಷ್ಟು ಫೋಟೋ, ಪ್ರತಿ ಚಟುವಟಿಕೆ ಮುಗಿದಾಗ ಮಕ್ಕಳು ಗುರುತು ಹಾಕಿದ ನಗುಮುಖದ ಚೀಟಿಗಳು, ಜೊತೆಗೆ ಅರ್ಧಂಬರ್ಧ ಕಿಟ್‌ಗಳು ತುಂಬಿದ ಒಂದು ಕಪಾಟು.

ಚೀಟಿಗಳಲ್ಲಿ ಎಲ್ಲರೂ ಐದಕ್ಕೆ ಐದು ನಗುಮುಖ ಹಾಕಿದ್ದಾರೆ. ಅದರಿಂದ ಏನೂ ತಿಳಿಯುತ್ತಿಲ್ಲ. ಹಾಗಾದರೆ ವರ್ಷ ಹೇಗಿತ್ತು ಅಂತ ಯಾವುದನ್ನು ನೋಡಿ ಹೇಳೋದು? ಕಪಾಟಿನಲ್ಲಿ ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಸಾಕೋದು? ಮುಂದಿನ ವರ್ಷಕ್ಕೆ ಹೊಸ ಕಿಟ್ ಕೊಳ್ಳುವುದಕ್ಕಿಂತ, ಹೊರಗೆ ಆಗಲೇ ನಡೆಯುತ್ತಿರುವ ಯಾವುದಕ್ಕಾದರೂ ಕೂಟವನ್ನು ಜೋಡಿಸುವ ಅವಕಾಶ ಇದೆಯೇ? "ಮಕ್ಕಳಿಗೆ ಕುತೂಹಲ ಬೆಳೆಸಿ" ಎನ್ನುವಂಥ ಉತ್ತರ ಬೇಡ. ಏನು ಎಣಿಸಬೇಕು, ಎಷ್ಟು ಬೇಕು, ಎಲ್ಲಿ ಕೆಡುತ್ತದೆ, ಅದನ್ನು ಹೇಳಿ.

ಉತ್ತರ 1: ಎಣಿಕೆಗಾರ

ನಗುಮುಖದ ಚೀಟಿಯನ್ನು ಪಕ್ಕಕ್ಕಿಡಿ. ಇಷ್ಟಪಟ್ಟೇ ಬರುವ ಮಕ್ಕಳು, ಎದುರಿಗೆ ನಿಂತ ಅಣ್ಣನಿಗೋ ಅಕ್ಕನಿಗೋ ಚೀಟಿ ಕೊಡುವಾಗ ಕಡಿಮೆ ಅಂಕ ಹಾಕುವುದಿಲ್ಲ. ಎಲ್ಲ ಉತ್ತರವೂ ಮೇಲಿನ ತುದಿಗೆ ಅಂಟಿಕೊಂಡರೆ ಒಳ್ಳೆಯ ವಾರಕ್ಕೂ ಕೆಟ್ಟ ವಾರಕ್ಕೂ ವ್ಯತ್ಯಾಸವೇ ಕಾಣದು.

ನಿಮ್ಮ ಹತ್ತಿರ ಇರುವುದರಲ್ಲಿ ಬೆಲೆಬಾಳುವುದು ಹಾಜರಿ ಪುಸ್ತಕ. ಕಡ್ಡಾಯವಲ್ಲದ ಕಡೆ ಬರುವುದು, ಬಿಡುವುದು ಎರಡೂ ಮಗುವೇ ಕೊಟ್ಟ ತೀರ್ಪು. ಆದರೆ ಸರಾಸರಿ ಹಾಜರಿ ತೆಗೆಯಬೇಡಿ, ಅದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹೀಗೆ ಮಾಡಿ: ಪ್ರತಿ ಮಗುವಿನ ಸಾಲಿನಲ್ಲಿ ಸತತ ಮೂರು ವಾರ ಗೈರಾದ ಮೊದಲ ಜಾಗ ಹುಡುಕಿ. ಆ ಗೈರಿಗೆ ಮುಂಚೆ ಮಗು *ಕೊನೆಯದಾಗಿ ಬಂದಿದ್ದ* ವಾರದ ಚಟುವಟಿಕೆಗೆ ಒಂದು ಗೀಟು ಹಾಕಿ. ಬಾರದ ವಾರದ ಚಟುವಟಿಕೆಗಲ್ಲ. ಅದನ್ನು ಮಗು ನೋಡಿಯೇ ಇಲ್ಲ, ಅದರ ಮೇಲೆ ತಪ್ಪು ಹೊರಿಸಿ ಏನು ಪ್ರಯೋಜನ? ಒಂದೇ ಚಟುವಟಿಕೆಯ ಕೆಳಗೆ ಮೂರು ನಾಲ್ಕು ಗೀಟು ಕೂಡಿದರೆ ಅಲ್ಲೇನೋ ಎಡವಿದೆ. ಗೀಟು ಹಾಕುವಾಗ ಎರಡು ಎಚ್ಚರ. ಶಾಲೆಯ ಪರೀಕ್ಷೆ, ರಜೆ ಬಂದ ವಾರಗಳನ್ನು ಮೊದಲೇ ಬೇರೆ ಬಣ್ಣದಲ್ಲಿ ಗುರುತಿಸಿಕೊಳ್ಳಿ. ಅಣ್ಣತಮ್ಮ, ಅಕ್ಕತಂಗಿ ಒಟ್ಟಿಗೆ ಬಿಟ್ಟಿದ್ದರೆ ಅದನ್ನು ಒಂದೇ ಗೀಟು ಅಂತ ಹಿಡಿಯಿರಿ, ಅಲ್ಲಿ ಕಾರಣ ಹೆಚ್ಚಾಗಿ ಕರೆತರುವವರ ಸಮಯ.

ಎರಡನೆಯದು, ಕೋಣೆಯಲ್ಲಿ ನಿಂತು ಎಣಿಸುವುದು. ವರ್ಷಾಂತ್ಯದ ಒಂದೆರಡು ವಾರ ಇನ್ನೂ ಬಾಕಿ ಇದ್ದರೆ ಈಗಲೇ ಮಾಡಿ. ಒಬ್ಬ ಸ್ವಯಂಸೇವಕರನ್ನು ಕಲಿಸುವ ಕೆಲಸದಿಂದ ಪೂರ್ತಿ ಬಿಡಿಸಿ. 10 ನಿಮಿಷಕ್ಕೊಮ್ಮೆ ಕೋಣೆಯ ಎಡತುದಿಯಿಂದ ಬಲತುದಿಗೆ ಕಣ್ಣು ಹಾಯಿಸಿ, ಪ್ರತಿ ಮಗುವೂ *ಆ ಕ್ಷಣದಲ್ಲಿ* ಏನು ಮಾಡುತ್ತಿದೆ ಅಂತ ಒಂದು ಅಕ್ಷರ ಬರೆಯಬೇಕು: ಕೈಯಲ್ಲಿ ಕೆಲಸವಿದ್ದರೆ "ಕೈ", ಕೆಲಸದ ಬಗ್ಗೆಯೇ ಮಾತಾಡುತ್ತಿದ್ದರೆ "ಮಾ", ಕಾಯುತ್ತಿದ್ದರೆ "ಕಾ", ಬೇರೇನೋ ಮಾಡುತ್ತಿದ್ದರೆ "ಬೇ". ಕತ್ತರಿಗೆ, ಅಂಟಿಗೆ, ತನ್ನ ಸರದಿಗೆ, ದೊಡ್ಡವರ ಸಹಾಯಕ್ಕೆ ಕಾಯುವುದೆಲ್ಲ "ಕಾ". 90 ನಿಮಿಷದಲ್ಲಿ 9 ಸಲ, 20 ಮಕ್ಕಳು, ಒಟ್ಟು 180 ಗುರುತು. ಅದರಲ್ಲಿ "ಕಾ" 50 ಬಂತು ಅಂತಿಟ್ಟುಕೊಳ್ಳಿ. ಅಂದರೆ ಸರಾಸರಿ ಒಂದು ಮಗು 90ರಲ್ಲಿ 25 ನಿಮಿಷ ಸುಮ್ಮನೆ ಕಾದಿದೆ. ಚಟುವಟಿಕೆ ಎಷ್ಟೇ ಚೆನ್ನಾಗಿರಲಿ, ಅದು ಮಗುವಿನ ಮಟ್ಟಿಗೆ ಸಾಲಿನಲ್ಲಿ ನಿಂತ ಸಂಜೆ. ಇದಕ್ಕೆ ಮದ್ದು ಹೊಸ ಕಿಟ್ ಅಲ್ಲ, ಇನ್ನೂ ನಾಲ್ಕು ಕತ್ತರಿ. "ಬೇ" ಜಾಸ್ತಿ ಬಂದರೆ ಗಾಬರಿ ಬೀಳಬೇಡಿ, ಯಾವಾಗ ಬಂತು ನೋಡಿ. ಕೊನೆಯ 20 ನಿಮಿಷದಲ್ಲೇ ಬಂದಿದ್ದರೆ ಬೇಗ ಮುಗಿಸಿದವರಿಗೆ ಮುಂದಿನ ಹೆಜ್ಜೆ ಇಟ್ಟಿರಲಿಲ್ಲ, ಅಷ್ಟೆ.

ಮೂರನೆಯದು ಪ್ರಶ್ನೆ ಕೇಳುವ ರೀತಿ. ವರ್ಷದ ಮೊದಲು ಒಮ್ಮೆ, ಕೊನೆಗೆ ಒಮ್ಮೆ "ನಿನಗೆ ಸರ್ಕ್ಯೂಟ್ ಎಷ್ಟು ಗೊತ್ತು" ಅಂತ ಕೇಳಿದರೆ ಎಷ್ಟೋ ಸಲ ಅಂಕ ಇಳಿದಿರುತ್ತದೆ! ಮಗು ಕಲಿತಿಲ್ಲ ಅಂತಲ್ಲ. ಮೊದಲು "ಎಲ್ಲಾ ಗೊತ್ತು" ಅಂದಿದ್ದು ಸರ್ಕ್ಯೂಟ್ ಅಂದರೆ ಎಷ್ಟು ದೊಡ್ಡ ವಿಷಯ ಅಂತ ಗೊತ್ತಿಲ್ಲದೆ. ಅಳೆಯುವ ಕೋಲೇ ನಡುವೆ ಉದ್ದವಾಗಿಬಿಟ್ಟಿದೆ. ಹಾಗಾಗಿ ಕೊನೆಯಲ್ಲಿ ಒಂದೇ ಹಾಳೆಯಲ್ಲಿ ಎರಡು ಕಾಲಂ ಕೊಡಿ: "ಕೂಟಕ್ಕೆ ಸೇರುವ ಮುಂಚೆ" ಮತ್ತು "ಈಗ". ನಾಲ್ಕೇ ಸಾಲು ಸಾಕು, 9 ವರ್ಷದ ಮಗುವಿಗೆ ಅದಕ್ಕಿಂತ ಹೆಚ್ಚು ಓದಿಸಬೇಡಿ, ನೀವೇ ಗಟ್ಟಿಯಾಗಿ ಓದಿ ಹೇಳಿ:

ಕೆಲಸ ಮಾಡದ ವಸ್ತುವನ್ನು ಬಿಚ್ಚಿ ನೋಡಲು ಧೈರ್ಯ ಇತ್ತೇ / ಇದೆಯೇ.
ಮೊದಲ ಸಲ ಆಗದಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆನೇ / ಹುಡುಕುತ್ತೇನೆಯೇ.
ನನ್ನ ಅಂದಾಜು ತಪ್ಪು ಅಂತ ಹೇಳಲು ಸಂಕೋಚ ಆಗುತ್ತಿತ್ತೇ / ಆಗುತ್ತದೆಯೇ.
ಕೂಟದಲ್ಲಿ ಮಾಡಿದ್ದನ್ನು ಮನೆಯಲ್ಲಿ ಯಾರಿಗಾದರೂ ಮಾಡಿ ತೋರಿಸಿದ್ದೇನೆಯೇ, ಯಾವುದನ್ನು?

ಈ ವಿಧಾನಕ್ಕೂ ಒಂದು ಕುಂದಿದೆ: "ಈಗ" ಎಂಬ ಕಾಲಂನಲ್ಲಿ ನಿಮ್ಮನ್ನು ಖುಷಿಪಡಿಸಲು ಹೆಚ್ಚು ಹಾಕುತ್ತಾರೆ. ಅದಕ್ಕೇ ಕೊನೆಯ ಪ್ರಶ್ನೆ. ಅಲ್ಲಿ ಅಂಕವಿಲ್ಲ, ವಸ್ತುವಿನ ಹೆಸರು ಬರೆಯಬೇಕು. ಖಾಲಿ ಬಿಟ್ಟರೆ ಖಾಲಿಯೇ. ಹಾಳೆಯ ಮೇಲೆ ಮಗುವಿನ ಹೆಸರು ಬರೆಸಬೇಡಿ, ಕೈಗೆ ತೆಗೆದುಕೊಳ್ಳಬೇಡಿ, ಡಬ್ಬಿಗೆ ಹಾಕಿಸಿ.

ಕಲಿಕೆಯ ಯಾವ ಮುಖ ಬಿಟ್ಟುಹೋಗಿದೆ ಅಂತ ನೋಡಲು ಒಂದು ಜರಡಿ ಬೇಕಿದ್ದರೆ, 2009ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿ ಶಾಲೆಯಾಚೆಯ ವಿಜ್ಞಾನ ಕಲಿಕೆಗೆ ಆರು ಎಳೆಗಳನ್ನು ಗುರುತಿಸಿತ್ತು: ಆಸಕ್ತಿ ಹುಟ್ಟುವುದು, ವಿಷಯ ಅರ್ಥವಾಗುವುದು, ಕೈಯಿಂದ ಮಾಡಿ ಪರೀಕ್ಷಿಸುವುದು, ವಿಜ್ಞಾನ ಹೇಗೆ ತಿಳಿಯುತ್ತದೆ ಅಂತ ಯೋಚಿಸುವುದು, ಉಪಕರಣ ಮತ್ತು ಭಾಷೆ ಬಳಸಿ ಬೇರೆಯವರ ಜೊತೆ ಸೇರಿ ಮಾಡುವುದು, ತಾನೂ ವಿಜ್ಞಾನ ಮಾಡಬಲ್ಲೆ ಅಂತ ಗುರುತಿಸಿಕೊಳ್ಳುವುದು. ವರ್ಷದ ಪಟ್ಟಿಯಲ್ಲಿ ಪ್ರತಿ ಚಟುವಟಿಕೆಯ ಮುಂದೆ 1ರಿಂದ 6ರವರೆಗೆ ಯಾವ ಅಂಕಿ ಬರುತ್ತದೆ ಬರೆಯಿರಿ. 1 ಮತ್ತು 3 ತುಂಬಿ ತುಳುಕುತ್ತವೆ, 4 ಒಂದೂ ಇರುವುದಿಲ್ಲ ಅಂತ ನನ್ನ ಅಂದಾಜು. "ಇದು ನಿನಗೆ ಹೇಗೆ ಗೊತ್ತಾಯಿತು? ಬೇರೆ ಯಾವ ಕಾರಣದಿಂದ ಹೀಗಾಗಿರಬಹುದು?" ಅಂತ ಕೇಳಲು ಕೊನೆಯ 10 ನಿಮಿಷ ಎಂದೂ ಉಳಿದಿರುವುದಿಲ್ಲವಲ್ಲ.

"ವಿಜ್ಞಾನಿಯ ಚಿತ್ರ ಬರಿ" ಅಂತ ಬರೆಸುವ ಪರೀಕ್ಷೆಯನ್ನೂ ಯಾರಾದರೂ ಸೂಚಿಸಬಹುದು. 1983ರಲ್ಲಿ ಡೇವಿಡ್ ಚೇಂಬರ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 4807 ಮಕ್ಕಳ ಚಿತ್ರಗಳಲ್ಲಿ ಮಹಿಳಾ ವಿಜ್ಞಾನಿ ಇದ್ದದ್ದು 28ರಲ್ಲಿ, ಆ 28ನ್ನೂ ಬರೆದವರು ಹುಡುಗಿಯರು. ಚರ್ಚೆ ಶುರುಮಾಡಲು ಚೆನ್ನಾಗಿದೆ. 20 ಮಕ್ಕಳ ಕೂಟದ ಯಶಸ್ಸು ಅಳೆಯಲು ಅಲ್ಲ. ಮಗು ಬರೆಯುವುದು ತಾನು ನಂಬಿದ್ದನ್ನೋ, ನೋಡುವವರು ಸುಲಭವಾಗಿ ಗುರುತಿಸಲಿ ಅಂತಲೋ, ಬಿಡಿಸಿ ಹೇಳಲು ಬರುವುದಿಲ್ಲ.

ಉತ್ತರ 2: ಬೆಸುಗೆ

ಕಪಾಟಿನ ವಿಷಯ ನಾನು ಹೇಳ್ತೀನಿ. ಮೊದಲು ಬ್ಯಾಟರಿ, ಉಳಿದದ್ದೆಲ್ಲ ಆಮೇಲೆ.

ಎಲ್ಲಾ ಡಬ್ಬಿ ತೆಗೆದು ಎಲ್ಲಾ ಸೆಲ್ ಹೊರಗೆ ತೆಗೀರಿ. ಸ್ವಿಚ್ ಆಫ್ ಮಾಡಿದ್ದೀವಲ್ಲ ಅನ್ನೋದು ಸಾಲದು. ಆಲ್ಕಲೈನ್ ಸೆಲ್ ಒಳಗಿರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸೋರಿದರೆ ಸ್ಪ್ರಿಂಗನ್ನೇ ತಿನ್ನುತ್ತೆ. ಬಿಳಿ ಪುಡಿ ಕಟ್ಟಿದ್ದರೆ ಗ್ಲೌಸ್ ಹಾಕಿಕೊಂಡು, ಹತ್ತಿಯಲ್ಲಿ ಸ್ವಲ್ಪವೇ ವಿನೆಗರ್ ಅದ್ದಿ ಒರೆಸಿ. ಕ್ಷಾರಕ್ಕೆ ಆಮ್ಲ, ಅದಕ್ಕೇ ವಿನೆಗರ್. ಆಮೇಲೆ ಒದ್ದೆ ಹತ್ತಿ, ಆಮೇಲೆ ಒಣ ಬಟ್ಟೆ. ವಿನೆಗರ್ ಹಾಗೇ ಬಿಟ್ಟರೆ ಅದೇ ಮತ್ತೆ ತುಕ್ಕು ತರುತ್ತೆ.

ಸೆಲ್ ಚೆನ್ನಾಗಿದೆಯಾ ಅಂತ ಬರೀ ಮಲ್ಟಿಮೀಟರ್ ಇಟ್ಟು ನೋಡಬೇಡಿ. ಸುಸ್ತಾದ ಎಎ ಸೆಲ್ ಕೂಡ ಸುಮ್ಮನಿದ್ದಾಗ 1.4 ವೋಲ್ಟ್ ತೋರಿಸುತ್ತೆ, ಮೋಟಾರ್ ಹಾಕಿದ ತಕ್ಷಣ ಕುಸಿಯುತ್ತೆ. 10 ಓಮ್ ರೆಸಿಸ್ಟರನ್ನು ಸೆಲ್‌ನ ಎರಡೂ ತುದಿಗೆ ಅಡ್ಡ ಹಿಡಿದು ಎರಡು ಮೂರು ಸೆಕೆಂಡ್ ನೋಡಿ. 1.2ಕ್ಕಿಂತ ಕೆಳಗಿಳಿದರೆ ಅದು ಮೋಟಾರ್ ಕಿಟ್‌ಗೆ ಆಗಲ್ಲ, ಗೋಡೆ ಗಡಿಯಾರಕ್ಕೆ ಹಾಕಿ. ಹಳೇದು ಹೊಸದು ಒಂದೇ ಹೋಲ್ಡರ್‌ನಲ್ಲಿ ಸೇರಿಸಬೇಡಿ, ಸೋರೋದು ಹೆಚ್ಚಾಗಿ ಅಲ್ಲೇ.

ಬಟನ್ ಸೆಲ್ ಬೀಗ ಹಾಕಿದ ಡಬ್ಬಿಗೆ. ಇದರಲ್ಲಿ ರಿಯಾಯಿತಿ ಇಲ್ಲ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಲ್ಲೇ ಇದೆ. ಆ ಅಳತೆಯೇ ಅಪಾಯ: ಚಿಕ್ಕ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ಕೂಟದ ಮಕ್ಕಳು ದೊಡ್ಡವರೇ ಇರಬಹುದು, ಸೆಲ್ ಇಟ್ಟು ಮಾಡಿ ಮನೆಗೆ ಒಯ್ದ ದೀಪದ ಕಾರ್ಡ್ ಸಿಗೋದು ಮನೆಯ ಪುಟ್ಟ ತಂಗಿ ಕೈಗೆ. ಮನೆಗೆ ಕಳಿಸುವಾಗ ಸೆಲ್ ತೆಗೆದು ಕಳಿಸಿ. ತೀರಿದ ಸೆಲ್ಲಿಗೆ ಎರಡೂ ಬದಿ ಟೇಪ್ ಸುತ್ತಿ ಮೇಲೆತ್ತಿಡಿ. ಸಣ್ಣ, ಆದರೆ ತುಂಬ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಎಣಿಕೆ ತಪ್ಪಿದೆಯಾ ಅದನ್ನೂ ನೋಡಿ. ಎರಡು ನುಂಗಿದರೆ ಕರುಳಿನ ಗೋಡೆಗಳನ್ನೇ ನಡುವೆ ಹಿಡಿದು ಅಂಟಿಕೊಳ್ಳುತ್ತವೆ. ಚೂರಾದದ್ದು ಇದ್ದರೆ ಆಚೆಗೆ.

ಯುಎಸ್‌ಬಿ ಕೇಬಲ್. ಮೈಕ್ರೊಬಿಟ್ ಥರದ, ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡ್ ಇಟ್ಟುಕೊಂಡವರ ಅರ್ಧ ತಲೆನೋವು ಇದೇ. ಎಷ್ಟೋ ಕೇಬಲ್‌ನಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತೆ, ಡೇಟಾ ತಂತಿ ಇರಲ್ಲ. ಬೋರ್ಡ್ ದೀಪ ಹತ್ತುತ್ತೆ, ಕಂಪ್ಯೂಟರ್‌ಗೆ ಮಾತ್ರ ಕಾಣಲ್ಲ, ಮಗು ತನ್ನ ಪ್ರೋಗ್ರಾಮ್ ತಪ್ಪು ಅಂದುಕೊಳ್ಳುತ್ತೆ. ಒಂದೊಂದೇ ಹಾಕಿ ನೋಡಿ, ಡೇಟಾ ಬರೋದಕ್ಕೆ ಹಸಿರು ಟೇಪ್ ಸುತ್ತಿ, ಬರದ್ದನ್ನು ಕೂಟದಿಂದಲೇ ಓಡಿಸಿ. ಸರ್ವೋ (ಹೇಳಿದಷ್ಟೇ ಕೋನಕ್ಕೆ ತಿರುಗುವ ಪುಟ್ಟ ಮೋಟಾರ್) ತಿರುಗಿದಾಗಲೆಲ್ಲ ಬೋರ್ಡ್ ರೀಸೆಟ್ ಆಗ್ತಿದ್ದರೆ ಕೋಡ್ ತಿದ್ದುತ್ತ ಕೂರಬೇಡಿ, ಕರೆಂಟ್ ಸಾಲ್ತಿಲ್ಲ ಅಂತ ಅರ್ಥ. ಸರ್ವೋಗೆ ಬೇರೆ ಬ್ಯಾಟರಿ ಕೊಟ್ಟು ಎರಡರ ಗ್ರೌಂಡ್ ತಂತಿ ಮಾತ್ರ ಸೇರಿಸಿ.

ಪಿಎಚ್ ಕಾಗದ, ಯೀಸ್ಟ್ ಇವಕ್ಕೆ ಆಯಸ್ಸಿದೆ. ಪಿಎಚ್ ಕಾಗದವನ್ನು ವಿನೆಗರ್‌ನಲ್ಲಿ ಒಮ್ಮೆ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒಮ್ಮೆ ಅದ್ದಿ, ಎರಡೂ ಒಂದೇ ಬಣ್ಣ ಬಂದರೆ ಕಸ. ಮೈಕ್ರೋಸ್ಕೋಪ್ ಲೆನ್ಸ್ ಪಕ್ಕ ಸಿಲಿಕಾ ಜೆಲ್ ಪೊಟ್ಟಣ ಇಡಿ, ಇಲ್ಲದಿದ್ದರೆ ಬೂಸ್ಟು.

ಉಳಿದದ್ದಕ್ಕೆ ಒಂದೇ ನಿಯಮ. ಪೂರ್ತಿ ಸೆಟ್ 10ಕ್ಕಿಂತ ಕಡಿಮೆ ಇದ್ದರೆ, ಅಂದರೆ ಇಬ್ಬರಿಗೊಂದು ಬರದಿದ್ದರೆ, ಅದು ಕಿಟ್ ಅಲ್ಲ, ಬಿಡಿಭಾಗ. ಬಿಚ್ಚಿ ಮೋಟಾರ್ ಒಂದು ಡಬ್ಬಿಗೆ, ಗೇರ್ ಒಂದು ಡಬ್ಬಿಗೆ. ಐದು ಸೆಟ್ ಇಟ್ಟುಕೊಂಡು "ಸರದಿ ಪ್ರಕಾರ" ಮಾಡಿಸಿದರೆ ಎಣಿಕೆಗಾರ ಅವರು ಹೇಳಿದ "ಕಾ" ಏರೋದು ಗ್ಯಾರಂಟಿ.

ಉತ್ತರ 3: ನಕ್ಷತ್ರಪಟ

ಅವಕಾಶಗಳ ಬಗ್ಗೆ. ಹೊರಗಿನ ಕಾರ್ಯಕ್ರಮಗಳಿಗೆ ಜೋಡಿಸುವುದರಲ್ಲಿ ಎರಡು ಬಗೆ: ಆಕಾಶದಲ್ಲೋ ಕ್ಯಾಲೆಂಡರ್‌ನಲ್ಲೋ ದಿನ ನಿಗದಿಯಾಗಿರುವುದು, ಇನ್ನೊಂದು ವರ್ಷವಿಡೀ ದತ್ತಾಂಶ ಬೇಡುವ ನಾಗರಿಕ ವಿಜ್ಞಾನ, ಅಂದರೆ ಜನಸಾಮಾನ್ಯರೇ ವಿಜ್ಞಾನಿಗಳಿಗೆ ದತ್ತಾಂಶ ಕೂಡಿಸಿಕೊಡುವುದು.

ಮೊದಲ ಬಗೆಯಲ್ಲಿ ದೊಡ್ಡದು ಗ್ರಹಣ. 2026ರ ಆಗಸ್ಟ್ 12ರ ಪೂರ್ಣ ಸೂರ್ಯಗ್ರಹಣದ ಪಥ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಮೇಲೆ. 2027ರ ಆಗಸ್ಟ್ 2ರದು ದಕ್ಷಿಣ ಸ್ಪೇನ್, ಉತ್ತರ ಆಫ್ರಿಕಾ, ಅರೇಬಿಯಾ ಮೇಲೆ. ಈಜಿಪ್ಟಿನ ಲಕ್ಸರ್ ಬಳಿ ಪೂರ್ಣತೆ 6 ನಿಮಿಷ ದಾಟುತ್ತದೆ. ಪಥದ ಆಚೀಚೆ ಬಹಳ ದೂರದವರೆಗೆ ಪಾರ್ಶ್ವಗ್ರಹಣ. ನಿಮ್ಮ ಕೂಟ ಇರುವಲ್ಲಿ ಕಾಣುವುದಾದರೆ ಗ್ರಹಣದ ಕನ್ನಡಕ ಐಎಸ್‌ಒ 12312-2 ಮಾನದಂಡದ್ದೇ ಇರಲಿ. ಹಾಕಿಕೊಂಡು ಕೋಣೆಯೊಳಗೆ ಸುತ್ತ ನೋಡಿದರೆ ಮಾಮೂಲಿ ದೀಪವಿರಲಿ, ಪೀಠೋಪಕರಣವಿರಲಿ ಏನೂ ಕಾಣಬಾರದು. ಗೀರು ಬಿದ್ದಿದ್ದರೆ, ಚಿಕ್ಕ ತೂತಿದ್ದರೆ ಕತ್ತರಿಸಿ ಬಿಸಾಕಿ. ಸುಮ್ಮನೆ ಬಿಸಾಕಿದರೆ ಯಾರೋ ಎತ್ತಿಕೊಳ್ಳುತ್ತಾರೆ.

ಗ್ರಹಣ ಕಾಣದಿದ್ದರೂ ನಷ್ಟವಿಲ್ಲ, ಏಕೆಂದರೆ ಅದರ ಅತ್ಯುತ್ತಮ ಪ್ರಯೋಗಕ್ಕೆ ಗ್ರಹಣವೇ ಬೇಡ. ರಟ್ಟಿನಲ್ಲಿ ಸುಮಾರು 1 ಮಿಲಿಮೀಟರ್ ಸೂಜಿರಂಧ್ರ ಮಾಡಿ, ಬಿಸಿಲಿಗೆ ಬೆನ್ನು ಹಾಕಿ, ರಂಧ್ರದಿಂದ 1 ಮೀಟರ್ ದೂರದ ಬಿಳಿ ಕಾಗದದ ಮೇಲೆ ಬೆಳಕು ಬೀಳಿಸಿ. ಬೀಳುವ ದುಂಡನೆ ಬಿಂಬ ರಂಧ್ರದ್ದಲ್ಲ, ಸೂರ್ಯನದು. ಅದರ ವ್ಯಾಸ ಹೆಚ್ಚುಕಡಿಮೆ 9 ಮಿಲಿಮೀಟರ್. ದೂರವನ್ನು ವ್ಯಾಸದಿಂದ ಭಾಗಿಸಿದರೆ 107ರ ಆಸುಪಾಸು. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್ ಅಂತ ಹೇಳಿಕೊಟ್ಟು ಅದೇ 107ರಿಂದ ಭಾಗಿಸಲು ಹೇಳಿ, 14 ಲಕ್ಷ ಕಿಲೋಮೀಟರ್ ಬರುತ್ತದೆ. ಸೂರ್ಯನ ವ್ಯಾಸ 13.9 ಲಕ್ಷ. ಒಂದು ಸೂಜಿ, ಒಂದು ರಟ್ಟು, ಒಂದು ಅಳತೆಪಟ್ಟಿ!

ಕೆಡುವುದು ಮೂರು ಕಡೆ. ರಂಧ್ರ ದೊಡ್ಡದಾಗುತ್ತದೆ: ಪೆನ್ಸಿಲ್ ಚುಚ್ಚಿದರೆ 6–7 ಮಿಲಿಮೀಟರ್, ಆಗ 1 ಮೀಟರಿನಲ್ಲಿ ಬಿಂಬದ ಅಂಚು ಕಲಸಿಹೋಗಿ ಅಳತೆ ಸುಳ್ಳಾಗುತ್ತದೆ. ಕಾಗದ ವಾಲುತ್ತದೆ: ಬಿಂಬ ಮೊಟ್ಟೆಯಾಕಾರ ಆಗುತ್ತದೆ, ಆಗ ಕಿರಿದಾದ ಅಡ್ಡಗಲವನ್ನೇ ಅಳೆಯಬೇಕು. ಮೂರನೆಯದು, ಯಾರಾದರೂ ಒಬ್ಬರು ರಂಧ್ರದ *ಮೂಲಕ* ಸೂರ್ಯನನ್ನು ನೋಡಲು ಹೊರಡುತ್ತಾರೆ. ಮೊದಲ ಮಾತೇ ಅದು, "ಕಣ್ಣು ಯಾವಾಗಲೂ ಕಾಗದದ ಕಡೆ".

ಇನ್ನೊಂದು ಸಣ್ಣ ಸಂಗತಿ. ಸೂರ್ಯಗ್ರಹಣ ಅಂದಮೇಲೆ ಅಂದು ಅಮಾವಾಸ್ಯೆ. ಪರ್ಸೀಡ್ ಉಲ್ಕಾವೃಷ್ಟಿ ಏರುವುದೂ ಆಗಸ್ಟ್ 12–13ರ ರಾತ್ರಿ. ಹಾಗಾಗಿ 2026ರಲ್ಲಿ ಬೆಳದಿಂಗಳ ಕಾಟವಿಲ್ಲದೆ ಉಲ್ಕೆ ಎಣಿಸಬಹುದು, ಗ್ರಹಣ ಕಾಣದ ಊರಿನವರೂ ಸಹ. ಮೋಡ ಇಲ್ಲದಿದ್ದರೆ ಅನ್ನಿ.

ದಿನಾಚರಣೆಗಳಲ್ಲಿ ಹುರುಳಿರುವುದನ್ನು ಮಾತ್ರ ಹಿಡಿಯಿರಿ. ವಿಶ್ವ ಬಾಹ್ಯಾಕಾಶ ಸಪ್ತಾಹ ಅಕ್ಟೋಬರ್ 4ರಿಂದ 10. ಮೊದಲ ದಿನ 1957ರಲ್ಲಿ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ್ದು, ಕೊನೆಯ ದಿನ 1967ರಲ್ಲಿ ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದದ್ದು. ಮೇ 16 ಅಂತರರಾಷ್ಟ್ರೀಯ ಬೆಳಕಿನ ದಿನ, 1960ರಲ್ಲಿ ಅಮೆರಿಕದ ಭೌತವಿಜ್ಞಾನಿ ಮೈಮನ್ ಮೊದಲ ಲೇಸರ್ ಬೆಳಗಿಸಿದ ದಿನ. ಫೆಬ್ರವರಿ 11 ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ದಿನ.

ಇನ್ನು ನಾಗರಿಕ ವಿಜ್ಞಾನ. ಗ್ಯಾಲಕ್ಸಿ ಝೂ ಎಂಬ ಅಂತರ್ಜಾಲ ಯೋಜನೆ 2007ರಲ್ಲಿ ಶುರುವಾದಾಗ ಜನಸಾಮಾನ್ಯರು ಗ್ಯಾಲಕ್ಸಿ ಚಿತ್ರ ನೋಡಿ ಆಕಾರ ಹೇಳಬೇಕಿತ್ತು. ಮೊದಲ ವರ್ಷದಲ್ಲೇ 5 ಕೋಟಿಗೂ ಹೆಚ್ಚು ವರ್ಗೀಕರಣ ಬಂದವು. ಒಂದು ಗ್ಯಾಲಕ್ಸಿಯ ಪಕ್ಕದ ವಿಚಿತ್ರ ಕಲೆಯನ್ನು ಗಮನಿಸಿ "ಇದೇನು?" ಅಂತ ಕೇಳಿದವರು ಹ್ಯಾನಿ ವಾನ್ ಆರ್ಕೆಲ್, ನೆದರ್‌ಲ್ಯಾಂಡ್ಸ್‌ನ ಶಾಲಾ ಶಿಕ್ಷಕಿ. ಆ ವಸ್ತುವಿಗೆ ಅವರದೇ ಹೆಸರು ನಿಂತಿದೆ. ಈಗ ಅದು ಝೂನಿವರ್ಸ್ ಎಂಬ ದೊಡ್ಡ ವೇದಿಕೆ, ಮೊಬೈಲಿನಲ್ಲೂ ಮಾಡಬಹುದು. ಹೊರಗೆ ಹೋಗಲಾಗದ ಮಳೆಗಾಲದ ವಾರಕ್ಕೆ ಸರಿ.

ಹೊರಗೆ ಹೋಗುವುದಾದರೆ ಹಕ್ಕಿ ಎಣಿಕೆ. ಫೆಬ್ರವರಿ ಮಧ್ಯದ ನಾಲ್ಕು ದಿನ ಜಗತ್ತಿನೆಲ್ಲೆಡೆ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಎಣಿಸಿ ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ಗೆ ಹಾಕುವುದು. "ಚೆಂದದ್ದು ಮಾತ್ರ ಬರೆಯೋಣ" ಅನ್ನುವುದೇ ಇಲ್ಲಿ ಆಗುವ ತಪ್ಪು. ಕಾಗೆಯನ್ನು ಬಿಟ್ಟರೆ ಪಟ್ಟಿ ಅಪೂರ್ಣ, ಆಗ ಯಾವ ಹಕ್ಕಿ *ಇರಲಿಲ್ಲ* ಅನ್ನುವುದಕ್ಕೆ ಬೆಲೆ ಹೋಗುತ್ತದೆ. ಎಣಿಕೆಗಾರರು ಹೇಳಿದ 4ನೆಯ ಎಳೆಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಗಿಡ, ಕೀಟಕ್ಕೆ ಐನ್ಯಾಚುರಲಿಸ್ಟ್, ಫೋಟೋ ಹಾಕಿ ಜೀವಿಗಳನ್ನು ಗುರುತಿಸುವ ಜಾಲತಾಣ. ಮಕ್ಕಳು 13ಕ್ಕಿಂತ ಚಿಕ್ಕವರಾದರೆ ಅವರ ಹೆಸರಲ್ಲಿ ಖಾತೆ ತೆರೆಯಬೇಡಿ. ಸೀಕ್ ಅನ್ನುವ ಅದರದೇ ಆ್ಯಪ್‌ಗೆ ಖಾತೆ ಬೇಡ, ಅಥವಾ ಕೂಟದ ಹೆಸರಲ್ಲಿ ದೊಡ್ಡವರೊಬ್ಬರ ಖಾತೆ ಸಾಕು. ಮಗುವಿನ ಮನೆಯ ಹಿತ್ತಲಿನ ಫೋಟೋ ಆದರೆ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಒತ್ತಿ. ಗುರುತಿಸಲು ಒಂದು ಫೋಟೋ ಸಾಲದು. ಗಿಡವಾದರೆ ಎಲೆಯ ಮೇಲ್ಮೈ, ಕೆಳಮೈ, ಎಲೆ ಕಾಂಡಕ್ಕೆ ಸೇರುವ ಜಾಗ, ಹೂವಿದ್ದರೆ ಪಕ್ಕದಿಂದ. ಕುಂಡದ ಗಿಡವಾದರೆ "ಬೆಳೆಸಿದ್ದು" ಅಂತ ಗುರುತು ಹಾಕಲೇಬೇಕು.

ಉತ್ತರ 4: ಕಡಿಮೆಮಾತು

ನಕ್ಷತ್ರಪಟ ಅವರ ಪಟ್ಟಿ ಚೆನ್ನಾಗಿದೆ, ಅಷ್ಟನ್ನೂ ಮಾಡಿದರೆ ಕೂಟ ಕೆಡುತ್ತೆ. ವಾರಕ್ಕೊಂದು ಹೊಸದು ಅಂದರೆ ಪ್ರತಿ ವಾರವೂ ಮೊದಲ ದಿನವೇ. ಹೊಸ ಚಟುವಟಿಕೆಯ ಮೊದಲ ವಾರ ಮಕ್ಕಳು ಹೇಳಿದ್ದನ್ನು ಮಾಡುತ್ತಾರೆ, ಎರಡನೇ ವಾರ ತಿರುಚುತ್ತಾರೆ, ಮೂರನೇ ವಾರ ತಮ್ಮದನ್ನು ಮಾಡುತ್ತಾರೆ. ನೀವು ಎರಡು, ಮೂರನ್ನು ಕೊಡುವುದೇ ಇಲ್ಲ.

ಮುಂದಿನ ವರ್ಷದ ಪಟ್ಟಿಯಲ್ಲಿ ಚಟುವಟಿಕೆಗಳ ಸಂಖ್ಯೆ ಈ ವರ್ಷದ ಮೂರನೇ ಒಂದಕ್ಕೆ ಇಳಿಸಿ, ಪ್ರತಿಯೊಂದಕ್ಕೂ ಮೂರು ವಾರ. ಹೊರಗಿನ ದಿನಾಂಕ ವರ್ಷಕ್ಕೆ ಎರಡೇ ಹಿಡಿಯಿರಿ, ಅವಕ್ಕೆ ಹಿಂದಿನ ಎರಡು ವಾರ ಅಭ್ಯಾಸ. ಹಕ್ಕಿ ಗುರುತೇ ಸಿಗದ ಮಕ್ಕಳನ್ನು ಎಣಿಕೆಯ ದಿನ ಹೊರಗೆ ನಿಲ್ಲಿಸಿದರೆ 15 ನಿಮಿಷವೂ ಬೆಟ್ಟದಷ್ಟು.

13 ತುಂಬಿ ಹೋಗುವವರನ್ನು ಬಿಟ್ಟುಬಿಡಬೇಡಿ. ಅವರಿಗೆ ಒಂದು ಮೇಜು ಒಪ್ಪಿಸಿ. ಒಂದೇ ಕಟ್ಟುನಿಟ್ಟು: ಚಿಕ್ಕವರ ಕೈಯಿಂದ ವಸ್ತು ಕಿತ್ತುಕೊಂಡು ತಾವೇ ಮಾಡಿಕೊಡಬಾರದು. ಕೈ ಹಿಂದೆ ಕಟ್ಟಿಕೊಂಡೇ ಸಹಾಯ ಮಾಡಬೇಕು.

ಅಳತೆಪಟ್ಟಿ

ಎಲ್ಲರಿಗೂ ಧನ್ಯವಾದ. ಹಾಜರಿ ಪುಸ್ತಕದಲ್ಲಿ ಗೀಟು ಹಾಕಿ ನೋಡಿದೆ. ಹೆಚ್ಚು ಬಿದ್ದಿರೋದು ಕಾಗದದ ಸರ್ಕ್ಯೂಟ್ (ಕಾಗದದ ಮೇಲೆ ತಾಮ್ರದ ಟೇಪ್ ಅಂಟಿಸಿ ದೀಪ ಹತ್ತಿಸೋದು) ಕೆಳಗೆ. ಅದು ಒಂದೇ ವಾರದ್ದಾಗಿತ್ತು. ಅದನ್ನೇ ಬಿಟ್ಟುಬಿಡೋದಾ, ಕಡಿಮೆಮಾತು ಅವರು ಹೇಳಿದ ಹಾಗೆ ಮೂರು ವಾರಕ್ಕೆ ಹಿಗ್ಗಿಸೋದಾ? ಇನ್ನೊಂದು, ಹಣ ಕೊಡುವವರು ಶೇಕಡಾ ಲೆಕ್ಕ ಕೇಳ್ತಾರೆ.

ಎಣಿಕೆಗಾರ

20 ಮಕ್ಕಳಲ್ಲಿ ಒಂದು ಮಗು ಅಂದರೇ ಶೇಕಡಾ 5. "ಶೇಕಡಾ 15 ಏರಿಕೆ" ಅಂತ ಬರೆದರೆ ಅದು ಮೂರು ಮಕ್ಕಳು, ಓದುವವರಿಗೆ ಅದು ಗೊತ್ತಾಗದು. "20ರಲ್ಲಿ 14 ಮಕ್ಕಳು" ಅಂತಲೇ ಬರೆಯಿರಿ. ಒಂದೇ ಪುಟ ಸಾಕು: ಎಷ್ಟು ಮಕ್ಕಳು ಕೊನೆಯವರೆಗೂ ಬಂದರು, "ಕಾ" ಎಷ್ಟಿತ್ತು, ಮನೆಯಲ್ಲಿ ತೋರಿಸಿದ ವಸ್ತುಗಳ ಪಟ್ಟಿ, ಕೈಬಿಡುತ್ತಿರುವ ಚಟುವಟಿಕೆ, ಕಾರಣ. ಕೈಬಿಟ್ಟದ್ದನ್ನು ಬರೆಯಲು ಹಿಂಜರಿಯಬೇಡಿ, ಉಳಿದ ಅಂಕಿಗಳನ್ನು ನಂಬಿಸುವುದೇ ಆ ಸಾಲು. ಮಕ್ಕಳ ಮುಖದ ಫೋಟೋ ಹಾಕುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಇರಲಿ. ಕೈಗಳ ಫೋಟೋ ಆದರೆ ಇನ್ನೂ ಒಳ್ಳೆಯದು, ಕೆಲಸವೂ ಕಾಣುತ್ತದೆ.

ಬೆಸುಗೆ

ಬಿಡಬೇಡಿ, ಹಿಗ್ಗಿಸಿ. ಕಾಗದದ ಸರ್ಕ್ಯೂಟ್ ಒಂದೇ ವಾರದಲ್ಲಿ ಮಾಡಿಸಿದರೆ ಅರ್ಧ ಮಕ್ಕಳದು ಹತ್ತಲ್ಲ, ಸಮಯ ಮುಗಿಯುತ್ತೆ, ಹತ್ತದ ಕಾರ್ಡ್ ಹಿಡಿದು ಮನೆಗೆ ಹೋಗ್ತಾರೆ. ಗೀಟು ಬಿದ್ದಿರೋದು ಅದಕ್ಕೇ ಇರಬೇಕು.

ಮೊದಲ ವಾರ: ಇಬ್ಬರಿಗೊಂದು ಸೆಟ್, 10 ಜೋಡಿಗೆ 12 ಸೆಟ್ ಸಿದ್ಧ ಮಾಡಿ. ಒಂದು ಸೆಟ್ ಅಂದರೆ ದಪ್ಪ ಕಾಗದ, 5 ಮಿಲಿಮೀಟರ್ ಅಗಲದ ತಾಮ್ರದ ಟೇಪ್ 60 ಸೆಂಟಿಮೀಟರ್, ಒಂದು ಸಿಆರ್2032, ಒಂದು ಕೆಂಪು ಎಲ್‌ಇಡಿ, ಒಂದು ಬೈಂಡರ್ ಕ್ಲಿಪ್. ಟೇಪ್ ಒಟ್ಟು 7.2 ಮೀಟರ್. ಗುರಿ ಒಂದೇ ದೀಪ. ಎಲ್‌ಇಡಿಯ ಉದ್ದ ಕಾಲು ಸೆಲ್‌ನ ಪ್ಲಸ್ ಕಡೆಗೆ. ಹತ್ತದಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಮೂಲೆ: ಟೇಪ್ ಕತ್ತರಿಸಿ ಒಂದರ ಮೇಲೊಂದು ಅಂಟಿಸಿರ್ತಾರೆ, ಅಂಟು ಕರೆಂಟನ್ನು ಸರಿಯಾಗಿ ಬಿಡಲ್ಲ. ಮೂಲೆಯಲ್ಲಿ ಕತ್ತರಿಸದೆ ಮಡಚಬೇಕು.

ಎರಡನೇ ವಾರ ಮಜಾ ಇರೋದು. ಅದೇ ಸೆಲ್ಲಿಗೆ ಕೆಂಪು ಒಂದು, ನೀಲಿ ಒಂದು, ಅಕ್ಕಪಕ್ಕ ಸಮಾಂತರವಾಗಿ ಜೋಡಿಸಲು ಹೇಳಿ. ಕೆಂಪು ಮಾತ್ರ ಹತ್ತುತ್ತೆ. ನೀಲಿ ಕೆಟ್ಟಿದೆ ಅಂತಾರೆ. ಕೆಂಪನ್ನು ಕಿತ್ತರೆ ನೀಲಿ ಹತ್ತುತ್ತೆ! ಹೇಳಿಕೊಡಬೇಡಿ, 15 ನಿಮಿಷ ಒದ್ದಾಡಲಿ, ಏನೇನು ಅಂದಾಜು ಮಾಡಿದರು ಬೋರ್ಡಿನಲ್ಲಿ ಬರೀರಿ. ಕಾರಣ ಇಷ್ಟೇ: ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ಕೆಂಪು ಹತ್ತಿದಾಗ ಅದು ಎಳೆಯುವ ಕರೆಂಟಿಗೆ ಆ ಪುಟ್ಟ ಸೆಲ್ಲಿನ ವೋಲ್ಟೇಜೇ ಕುಸಿದುಬಿಡುತ್ತೆ, ನೀಲಿಗೆ ಉಳಿಯಲ್ಲ. ಕೆಂಪಿನ ಸಾಲಿನಲ್ಲಿ 220 ಓಮ್ ರೆಸಿಸ್ಟರ್ ಒಂದು ಸೇರಿಸಿದರೆ ಎರಡೂ ಹತ್ತುತ್ತವೆ. ಸೆಲ್ ಹೊಸದಿರಬೇಕು, ಹಳೇದಾದರೆ ನೀಲಿ ಮಂಕು. ಎರಡು ಕೆಂಪನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು, ಜೋಡಿಸಿದ ಜೋಡಿಗಳಿಗೆ ಏನೂ ಹತ್ತಲ್ಲ, 2 ಮತ್ತು 2 ಕೂಡಿದರೆ 4, ಸೆಲ್ 3. ಅವರಿಗೆ ಎರಡನೇ ಸೆಲ್ ಕೊಟ್ಟು ಸುಮ್ಮನಿರಬೇಡಿ, ಅಲ್ಲೂ ರೆಸಿಸ್ಟರ್ ಬೇಕು.

ಮೂರನೇ ವಾರ ಅವರಿಷ್ಟ. ಒತ್ತಿದರೆ ಹತ್ತುವ ಮಡಿಕೆ ಸ್ವಿಚ್ ಒಂದನ್ನು ಮಾತ್ರ ತೋರಿಸಿ: ಕಾಗದದ ಮಡಿಕೆಯ ಒಳಬದಿಗೆ ಟೇಪ್ ತುಂಡು, ಒತ್ತಿದಾಗ ತಾಮ್ರದ ಹೊಳೆಯುವ ಮೈ ತಾಮ್ರದ ಹೊಳೆಯುವ ಮೈಗೇ ತಾಗಬೇಕು. ಕಾರ್ಡ್ ಮನೆಗೆ ಹೋಗುವ ಮುಂಚೆ ಕ್ಲಿಪ್ ಬಿಚ್ಚಿ, 12 ಸೆಲ್ ಎಣಿಸಿ, ಡಬ್ಬಿಗೆ ಬೀಗ.